ಕಿರ್ದಿ ಬರೆದ ಸರ್ಕಾರ: ಸಿಂಗಪುರದ ವ್ಯಾಪಾರ ಮತ್ತು ಆಡಳಿತ



1974ರ ಜೂನ್ 25ರಂದು ಸಿಂಗಪುರದಲ್ಲಿ ಟೆಮಾಸೆಕ್ ಹೋಲ್ಡಿಂಗ್ಸ್ ಎಂಬ ಕಂಪನಿ ನೋಂದಣಿಯಾಯಿತು. ಅದರ ಒಡೆತನ ಪೂರ್ತಿ ಅಲ್ಲಿನ ಹಣಕಾಸು ಇಲಾಖೆಯದು. ಅಲ್ಲಿಯವರೆಗೆ ಇಲಾಖೆಯ ಕೈಯಲ್ಲೇ ಇದ್ದ 35 ಕಂಪನಿಗಳ ಷೇರುಗಳಿಗೆ ಒಟ್ಟು 35 ಕೋಟಿ 40 ಲಕ್ಷ ಸಿಂಗಪುರ ಡಾಲರ್ ಬೆಲೆ ಕಟ್ಟಿ ಈ ಹೊಸ ಕಂಪನಿಗೆ ವರ್ಗಾಯಿಸಿದರು. ಪಟ್ಟಿಯಲ್ಲಿ ಏನೇನಿತ್ತು ನೋಡಿ. ಒಂದು ಉಕ್ಕಿನ ಗಿರಣಿ, ಹಡಗು ರಿಪೇರಿ ಮಾಡುವ ಕಟ್ಟೆಗಳು, ಆಗಷ್ಟೇ ಹುಟ್ಟಿದ್ದ ವಿಮಾನ ಕಂಪನಿ. ಇಲ್ಲಿಯವರೆಗೆ ಸರಿ. ಇವುಗಳ ಜೊತೆಗೆ ಒಂದು ಹೋಟೆಲು, ಬಟ್ಟೆ ಒಗೆಯುವ ಪುಡಿ ಮಾಡುವ ಕಾರ್ಖಾನೆ, ಬೂಟು ಹೊಲಿಯುವ ಕಾರ್ಖಾನೆ, ಹಕ್ಕಿಗಳನ್ನು ಸಾಕಿ ತೋರಿಸುವ ಉದ್ಯಾನ.

ಸಿಂಗಪುರದ ಬಗ್ಗೆ ನಮ್ಮಲ್ಲಿ ಎರಡು ಕಥೆಗಳು ಓಡಾಡುತ್ತವೆ. ಒಂದರಲ್ಲಿ ಲೀ ಕುವಾನ್ ಯೂ ಎಂಬ ಗಟ್ಟಿ ಮನುಷ್ಯ ಬಂದ, ಬೆತ್ತ ಹಿಡಿದ, ಊರು ನೆಟ್ಟಗಾಯಿತು. ಇನ್ನೊಂದರಲ್ಲಿ ಸರ್ಕಾರ ಕೈಕಟ್ಟಿ ಕೂತಿತು, ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟಿತು, ಹಣ ಹರಿದು ಬಂತು. ಮೊದಲನೆಯದನ್ನು ರಾಜಕಾರಣಿಗಳು ಇಷ್ಟಪಡುತ್ತಾರೆ, ಎರಡನೆಯದನ್ನು ಉದ್ಯಮಿಗಳು. ಬೂಟು ಹೊಲಿದು ಗಿಳಿ ಸಾಕಿದ ಸರ್ಕಾರ ಈ ಎರಡು ಕಥೆಗಳಲ್ಲೂ ಹಿಡಿಸುವುದಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಮೂರನೆಯದು. ಸಿಂಗಪುರದ ಆಡಳಿತದ ಗುಟ್ಟು ಅದರ ರಸ್ತೆಗಳಲ್ಲೂ ಇಲ್ಲ, ಕಾನೂನುಗಳಲ್ಲೂ ಇಲ್ಲ, ಅದರ ಲೆಕ್ಕದ ಪುಸ್ತಕಗಳಲ್ಲಿದೆ. ಸರ್ಕಾರ ಎಲ್ಲ ವ್ಯಾಪಾರವನ್ನೂ ಮಾಡಿತು, ಆದರೆ ಪ್ರತಿಯೊಂದಕ್ಕೂ ಬೇರೆ ಕಿರ್ದಿ, ಬೇರೆ ಖಾತೆ ಇಟ್ಟಿತು. ಹಾಗೆಯೇ ಆ ಊರಿನ ಗಂಟು ಇರುವುದೂ ಅಲ್ಲೇ. ಬಿಡಿ ಖಾತೆಗಳು ಒಂದೊಂದೂ ತೆರೆದಿವೆ, ಎಲ್ಲವನ್ನೂ ಕೂಡಿಸಿ ಬರೆದ ಪುಸ್ತಕ ಮಾತ್ರ ಬೀರುವಿನಲ್ಲಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸ್ಟ್ಯಾಮ್‌ಫರ್ಡ್ ರ‍್ಯಾಫಲ್ಸ್ ಅಲ್ಲಿ ಇಳಿದಾಗ ಕೊಟ್ಟ ಭರವಸೆ ಒಂದೇ: ಈ ಬಂದರಿನಲ್ಲಿ ಸುಂಕವಿಲ್ಲ. ಬ್ರಿಟಿಷ್ ವರ್ತಕರಾದ ಗಥ್ರಿ 1821ರಲ್ಲಿ, ಬೂಸ್ಟೆಡ್ 1828ರಲ್ಲಿ ಅಂಗಡಿ ತೆರೆದರು. ಚೀನೀ ವರ್ತಕರು ಬಂದರು, ಬೂಗಿ ನಾವಿಕರು ಬಂದರು, ಮಾರ್ಕೆಟ್ ಸ್ಟ್ರೀಟಿನ ಕಿಟ್ಟಂಗಿ ಎಂಬ ಮಳಿಗೆಗಳಲ್ಲಿ ನಾಟ್ಟುಕೋಟ್ಟೈ ಚೆಟ್ಟಿಯಾರರು ಪೆಟ್ಟಿಗೆ ಇಟ್ಟುಕೊಂಡು ಸಾಲ ಕೊಡಲು ಕೂತರು. ಸರಿ, ಸುಂಕವಿಲ್ಲದ ಊರಿನಲ್ಲಿ ಆಡಳಿತಕ್ಕೆ ಹಣ ಎಲ್ಲಿಂದ? ಅಫೀಮಿನಿಂದ. ಬಂಗಾಳದಲ್ಲಿ ಬೆಳೆಸಿ ಕಲ್ಕತ್ತೆಯಲ್ಲಿ ಹರಾಜಾದ ಅಫೀಮನ್ನು ಸಿಂಗಪುರದಲ್ಲಿ ಕುದಿಸಿ ಮಾರುವ ಹಕ್ಕನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತಿತ್ತು. ನಮ್ಮಲ್ಲಿ ಸೇಂದಿ ಗುತ್ತಿಗೆ ಹರಾಜಾಗುತ್ತಿದ್ದ ಪದ್ಧತಿಯೇ ಅದು. ಹತ್ತೊಂಬತ್ತನೆಯ ಶತಮಾನದ ಹಲವು ವರ್ಷ ಅಲ್ಲಿನ ಆದಾಯದ ಅರ್ಧದಷ್ಟು ಈ ಒಂದೇ ಬಾಬಿನಿಂದ ಬರುತ್ತಿತ್ತು. ಹಡಗಿನಿಂದ ಮೂಟೆ ಇಳಿಸುವ, ಕಾಳುಮೆಣಸಿನ ತೋಟದಲ್ಲಿ ದುಡಿಯುವ ಚೀನೀ ಕೂಲಿ ಸಂಜೆ ಸೇದಿದ ಅಫೀಮೇ ಸಾಹುಕಾರನ ಸುಂಕವಿಲ್ಲದ ಬಂದರನ್ನು ಸಾಕಿತು. 1910ರಲ್ಲಿ ಗುತ್ತಿಗೆ ಪದ್ಧತಿ ಹೋಯಿತು, ಅಫೀಮು ಹೋಗಲಿಲ್ಲ. ಸರ್ಕಾರವೇ ಮಾರತೊಡಗಿತು.

ಭಾರತದ ಕೊಂಡಿ ಇಲ್ಲಿ ಇನ್ನೂ ಇದೆ. 1867ರವರೆಗೆ ಆ ಊರನ್ನು ಆಳಿದ್ದು ಕಲ್ಕತ್ತೆ. ಅಲ್ಲಿನ ರಸ್ತೆಗಳನ್ನು, ಸೇಂಟ್ ಆಂಡ್ರೂಸ್ ಚರ್ಚನ್ನು, ಇಂದು ಇಸ್ತಾನ ಎಂದು ಕರೆಯುವ ಗವರ್ನರರ ಬಂಗಲೆಯನ್ನು ಕಟ್ಟಿದವರು ಭಾರತದಿಂದ ಗಡೀಪಾರಾಗಿ ಹೋದ ಕೈದಿಗಳು. ಆದರೂ ಅಲ್ಲಿನ ವರ್ತಕರಿಗೆ ಕಲ್ಕತ್ತೆಯನ್ನು ಕಂಡರೆ ಆಗುತ್ತಿರಲಿಲ್ಲ. ಡಾಲರಿನಲ್ಲಿ ವ್ಯವಹಾರ ಮಾಡುವ ಊರಿಗೆ ಕಲ್ಕತ್ತೆ ರೂಪಾಯಿ ತರಲು ಹೊರಟಿತು, ಬಂದರಿನಲ್ಲಿ ಶುಲ್ಕ ಹಾಕುವ ಮಾತೆತ್ತಿತು. 1857ರಲ್ಲಿ ವರ್ತಕರು ಬ್ರಿಟಿಷ್ ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು, ಹತ್ತು ವರ್ಷದ ಮೇಲೆ ಆ ಪ್ರದೇಶ ಲಂಡನ್ನಿನ ನೇರ ಆಡಳಿತಕ್ಕೆ ಹೋಯಿತು. ಆದಾಯ ತೆರಿಗೆ ಅಲ್ಲಿಗೆ ಬಂದದ್ದು 1947ರ ಕಾಯ್ದೆಯಿಂದ, ಅದೂ ವರ್ತಕರ ವಿರೋಧದ ನಡುವೆ. ಸುಮಾರು 130 ವರ್ಷ ಆಡಳಿತ ವ್ಯಾಪಾರಿಗಳ ಮಾತು ಕೇಳಿಕೊಂಡೇ ನಡೆಯಿತು ಎಂಬುದನ್ನು ಮನಸ್ಸಿನಲ್ಲಿಡಿ. ಮುಂದೆ ಈ ಸಂಬಂಧ ತಲೆಕೆಳಗಾಗುತ್ತದೆ.

1959ರ ಚುನಾವಣೆಯಲ್ಲಿ ಗೆದ್ದ ಪೀಪಲ್ಸ್ ಆಕ್ಷನ್ ಪಾರ್ಟಿಯ ಹಣಕಾಸು ಮಂತ್ರಿ ಗೋ ಕೆಂಗ್ ಸ್ವೀ. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನಲ್ಲಿ ಡಾಕ್ಟರೇಟ್ ಪಡೆದವರು, ಖರ್ಚಿನ ವಿಷಯದಲ್ಲಿ ಮಹಾ ಬಿಗಿ. ಮೊದಲ ಕೆಲಸವೇ ಸರ್ಕಾರಿ ನೌಕರರ ತುಟ್ಟಿಭತ್ಯೆಗೆ ಕತ್ತರಿ. ಬೊಕ್ಕಸದಲ್ಲಿ ಹಣವಿಲ್ಲ ಎಂದರು. ಎರಡು ವರ್ಷದಲ್ಲಿ ಪರಿಸ್ಥಿತಿ ಸುಧಾರಿಸಿದಾಗ ಕಡಿತವನ್ನು ವಾಪಸು ತೆಗೆದುಕೊಂಡರು, ಆದರೆ ಅಷ್ಟರಲ್ಲಿ ನೌಕರವರ್ಗದ ಒಂದು ದೊಡ್ಡ ಭಾಗದ ವೈರ ಕಟ್ಟಿಕೊಂಡಾಗಿತ್ತು. ಆ ಕಡಿತ ರಾಜಕೀಯವಾಗಿ ದಡ್ಡತನ ಎಂದೇ ನನಗನ್ನಿಸುತ್ತದೆ. ಆಡಳಿತದ ದೃಷ್ಟಿಯಿಂದ ಮಾತ್ರ ಅದು ಒಂದು ಸುದ್ದಿಯನ್ನು ಎಲ್ಲ ಕಚೇರಿಗೂ ಮುಟ್ಟಿಸಿತು: ಇಲ್ಲದ ಹಣವನ್ನು ಇನ್ನು ಮುಂದೆ ಖರ್ಚು ಬರೆಯುವ ಹಾಗಿಲ್ಲ.

ಈಗ ವಸತಿಯ ಕಥೆಗೆ ಬರುತ್ತೇನೆ, ಏಕೆಂದರೆ ವ್ಯಾಪಾರಿಯೊಬ್ಬ ಸರ್ಕಾರದೊಳಕ್ಕೆ ಬಂದರೆ ಏನಾಗುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಬ್ರಿಟಿಷರು 1927ರಲ್ಲಿ ಸ್ಥಾಪಿಸಿದ ಸಿಂಗಪುರ್ ಇಂಪ್ರೂವ್‌ಮೆಂಟ್ ಟ್ರಸ್ಟ್ 32 ವರ್ಷಗಳಲ್ಲಿ ಕಟ್ಟಿದ ಮನೆಗಳು ಸುಮಾರು 23 ಸಾವಿರ. 1957ರ ಜನಗಣತಿಯಲ್ಲಿ ಊರಿನ ಜನ 14 ಲಕ್ಷ ದಾಟಿದ್ದರು. ಚೈನಾಟೌನಿನ ಅಂಗಡಿಮನೆಗಳಲ್ಲಿ ಹಲಗೆಯಿಂದ ಗೂಡು ಮಾಡಿ ಒಂದೊಂದು ಗೂಡಿನಲ್ಲಿ ಒಂದು ಸಂಸಾರ ಇರುತ್ತಿತ್ತು, ಇಲ್ಲವೇ ಊರಂಚಿನ ಕಾಂಪೊಂಗಿನಲ್ಲಿ, ಅಂದರೆ ಹಳ್ಳಿಯಲ್ಲಿ, ತಗಡು, ಹಲಗೆ, ತಾಳೆಗರಿಯ ಗುಡಿಸಲು. 1960ರ ಫೆಬ್ರುವರಿಯಲ್ಲಿ ಟ್ರಸ್ಟಿನ ಜಾಗಕ್ಕೆ ವಸತಿ ಮತ್ತು ಅಭಿವೃದ್ಧಿ ಮಂಡಳಿ, ಅಂದರೆ ಎಚ್‌ಡಿಬಿ, ಬಂತು. ಅಧ್ಯಕ್ಷರಾಗಿ ಲಿಮ್ ಕಿಮ್ ಸಾನ್ ಬಂದರು. ಈತ ಎಂಜಿನಿಯರೂ ಅಲ್ಲ, ಅಧಿಕಾರಿಯೂ ಅಲ್ಲ. ಸಾಬಕ್ಕಿ ಮಾಡುವ ಯಂತ್ರವೊಂದನ್ನು ರೂಪಿಸಿ ಹಣ ಮಾಡಿ, ಆಮೇಲೆ ಬ್ಯಾಂಕಿನ ವ್ಯವಹಾರಕ್ಕೆ ಹೋದ ವ್ಯಾಪಾರಿ. ಮಂಡಳಿಯಲ್ಲಿ ಸಂಬಳ ತೆಗೆದುಕೊಳ್ಳಲಿಲ್ಲ.

ಐದು ವರ್ಷದಲ್ಲಿ 50 ಸಾವಿರ ಮನೆ ಎಂಬ ಗುರಿ ಇಟ್ಟಾಗ ಇದು ಆಗುವ ಮಾತೇ ಎಂದು ಪರಿಶೀಲಿಸಲು ಒಂದು ಸಮಿತಿ ಕೂತಿತು. ಸಮಿತಿಯ ವರದಿ, ಮಂಡಳಿಗೆ ಆ ಶಕ್ತಿ ಇಲ್ಲ ಎಂದು ಹೇಳಿತು. ಲಿಮ್ ಮುಂದೆ ಅದನ್ನು ನೆನೆದು ನಗುತ್ತಿದ್ದರಂತೆ, ಏಕೆಂದರೆ ವರದಿ ಕೈಸೇರುವ ಹೊತ್ತಿಗೆ ಸಾವಿರಾರು ಮನೆಗಳು ಎದ್ದು ನಿಂತಿದ್ದವು. ಸಮಿತಿಗಳ ವರದಿಗೆ ಕಾಯದೆ ಕೆಲಸ ಮಾಡುವ ಅಧ್ಯಕ್ಷರನ್ನು ನಮ್ಮಲ್ಲಿ ಲೆಕ್ಕಪರಿಶೋಧಕರು ಏನು ಮಾಡುತ್ತಿದ್ದರು ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

1961ರ ಮೇ 25, ಬಕ್ರೀದ್ ರಜೆಯ ದಿನ, ಬುಕಿತ್ ಹೋ ಸ್ವೀ ಎಂಬಲ್ಲಿ ಬೆಂಕಿ ಹತ್ತಿತು. ನಾಲ್ವರು ಸತ್ತರು, ಸುಮಾರು 16 ಸಾವಿರ ಜನರ ಸೂರು ಹೋಯಿತು. ಅದೇ ಜಾಗದಲ್ಲಿ ಒಂದು ವರ್ಷದೊಳಗೆ ಮನೆಗಳು ಬರತೊಡಗಿದವು. ಒಂದು ಕೋಣೆ, ಅಡುಗೆ ಜಾಗ, ನೀರು, ದೀಪ. ಸುಂದರವೇನಲ್ಲ. ಗಮನಿಸಬೇಕಾದದ್ದು ಜಮೀನಿನ ಲೆಕ್ಕ. ಗುಡಿಸಲುಗಳು ತುಂಬಿದ ಜಮೀನಿಗೆ ಬೆಲೆ ಕಮ್ಮಿ, ಖಾಲಿ ನಿವೇಶನಕ್ಕೆ ಜಾಸ್ತಿ. ಬೆಂಕಿ ಬಿದ್ದರೆ ಜಮೀನು ಖಾಲಿಯಾಗುತ್ತದೆ, ಜಮೀನುದಾರನಿಗೆ ಲಾಭ. ಆ ಲಾಭ ಅವನಿಗೆ ಸೇರಕೂಡದು ಎಂದು ಸರ್ಕಾರ ಕಾನೂನಿಗೆ ತಿದ್ದುಪಡಿ ತಂದಿತು. ಬೆಂಕಿಬಿದ್ದ ಒಂದು ಜಾಗಕ್ಕೆ ತಂದ ಈ ವಾದವೇ ಬೆಳೆದು 1966ರ ಭೂಸ್ವಾಧೀನ ಕಾಯ್ದೆಯಾಗಿ ಇಡೀ ದ್ವೀಪಕ್ಕೆ ಹಬ್ಬಿತು. ಸರ್ಕಾರ ರಸ್ತೆ ಹಾಕಿದ್ದರಿಂದ, ಚರಂಡಿ ತೋಡಿದ್ದರಿಂದ ಏರಿದ ಬೆಲೆ ಜಮೀನುದಾರನ ದುಡಿಮೆಯಲ್ಲ, ಅದನ್ನು ಅವನಿಗೆ ಯಾಕೆ ಕೊಡಬೇಕು? 1973ರ ನವೆಂಬರ್ 30ರಂದು ಇದ್ದ ಬೆಲೆಯನ್ನೇ ಪರಿಹಾರದ ಮಿತಿಯೆಂದು ನಿಗದಿಮಾಡಿದರು, ಸ್ವಾಧೀನ ಆಮೇಲೆ ಎಷ್ಟೇ ವರ್ಷಕ್ಕೆ ನಡೆದರೂ. ಮುಂದೆ ಆ ದಿನಾಂಕವನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ತಂದರು, ಮಾರುಕಟ್ಟೆ ಬೆಲೆ ಕೊಡುವ ಪದ್ಧತಿ ಬಂದದ್ದು 2007ರಲ್ಲಿ. 1960ರಲ್ಲಿ ದ್ವೀಪದ ನೆಲದಲ್ಲಿ ನೂರಕ್ಕೆ 44ರಷ್ಟು ಸರ್ಕಾರದ್ದಾಗಿತ್ತು, 1985ರ ಹೊತ್ತಿಗೆ ಅದು 76 ಆಗಿತ್ತು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟ ಊರು ಎನ್ನುವವರು ಈ ಎರಡು ಸಂಖ್ಯೆಗಳನ್ನು ಸಾಮಾನ್ಯವಾಗಿ ಓದಿರುವುದಿಲ್ಲ.

ಮನೆ ಕೊಳ್ಳಲು ಜನರಿಗೆ ಹಣ ಎಲ್ಲಿಂದ ಬರಬೇಕು? 1955ರಲ್ಲೇ ಬ್ರಿಟಿಷರು ಕೇಂದ್ರ ಭವಿಷ್ಯ ನಿಧಿ ಆರಂಭಿಸಿದ್ದರು. ಕಾರ್ಮಿಕನ ಸಂಬಳದಿಂದ ನೂರಕ್ಕೆ 5, ಮಾಲೀಕನಿಂದ 5. 1968ರಲ್ಲಿ ಆ ಹಣವನ್ನು ಎಚ್‌ಡಿಬಿ ಮನೆಯ ಕಂತಿಗೆ ಬಳಸಲು ಅವಕಾಶ ಕೊಟ್ಟರು, ವಂತಿಗೆಯನ್ನು ಏರಿಸುತ್ತಾ ಹೋದರು. 1984ರಲ್ಲಿ ಎರಡೂ ಕಡೆಯಿಂದ 25, ಅಂದರೆ ಸಂಬಳದ ಅರ್ಧದಷ್ಟು ಮೊತ್ತ ನಿಧಿಗೆ. ಮರುವರ್ಷವೇ ಆರ್ಥಿಕ ಹಿಂಜರಿತ ಬಂದು, 1986ರಲ್ಲಿ ಮಾಲೀಕರ ಪಾಲನ್ನು 10ಕ್ಕೆ ಇಳಿಸಬೇಕಾಯಿತು. ಈ ಸುತ್ತನ್ನು ಒಮ್ಮೆ ನೋಡಿ. ಕಾರ್ಮಿಕ ಕಡ್ಡಾಯವಾಗಿ ಉಳಿಸುತ್ತಾನೆ, ನಿಧಿ ಸರ್ಕಾರದ ಸಾಲಪತ್ರ ಕೊಳ್ಳುತ್ತದೆ, ಸರ್ಕಾರ ಅಗ್ಗಕ್ಕೆ ಪಡೆದ ನೆಲದಲ್ಲಿ ಮಂಡಳಿ ಮನೆ ಕಟ್ಟುತ್ತದೆ, ಕಾರ್ಮಿಕ ತನ್ನದೇ ಉಳಿತಾಯದಿಂದ ಆ ಮನೆಯನ್ನು 99 ವರ್ಷಕ್ಕೆ ಕೊಳ್ಳುತ್ತಾನೆ. ಹಣ ಸುತ್ತಿ ಮತ್ತೆ ಹೊರಟ ಕಡೆಗೇ ಬರುತ್ತದೆ.

ಕೈಗಾರಿಕೆಯಲ್ಲಿ ಆರಂಭ ಇಷ್ಟು ಚೆನ್ನಾಗಿರಲಿಲ್ಲ. ವಿಶ್ವಸಂಸ್ಥೆಯ ತಂಡದೊಂದಿಗೆ 1960ರಲ್ಲಿ ಬಂದ ಡಚ್ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ವಿನ್ಸೆಮಿಯಸ್ ಕೊಟ್ಟ ಸಲಹೆಗಳಲ್ಲಿ ಒಂದು ರ‍್ಯಾಫಲ್ಸ್‌ನ ಪ್ರತಿಮೆಯನ್ನು ಕೀಳಬೇಡಿ ಎಂಬುದು. ಹೂಡಿಕೆದಾರರಿಗೆ ಅದೊಂದು ಧೈರ್ಯ. 1961ರಲ್ಲಿ 10 ಕೋಟಿ ಡಾಲರ್ ಬಂಡವಾಳ ಕೊಟ್ಟು ಆರ್ಥಿಕ ಅಭಿವೃದ್ಧಿ ಮಂಡಳಿ ಸ್ಥಾಪಿಸಿದರು. ಹಾನ್ ಸುಯಿ ಸೆನ್ ಅದರ ಮೊದಲ ಅಧ್ಯಕ್ಷರು. ಜುರಾಂಗಿನ ಜೌಗನ್ನು ತುಂಬಿ ಕೈಗಾರಿಕಾ ಪ್ರದೇಶ ಮಾಡಿದರು. ವರ್ಷಗಟ್ಟಲೆ ನಿವೇಶನಗಳು ಖಾಲಿ ಬಿದ್ದಿದ್ದವು, ಜನ ಅದಕ್ಕೆ ಗೋ ಅವರ ಹುಚ್ಚು ಎಂದು ಹೆಸರಿಟ್ಟರು. ರದ್ದಿ ಕಾಗದದಿಂದ ಹೊಸ ಕಾಗದ ಮಾಡುವ, ಪಿಂಗಾಣಿ ಮಾಡುವ ಉದ್ಯಮಗಳಿಗೆ ಹಾಕಿದ ಸರ್ಕಾರಿ ಹಣ ಮುಳುಗಿತು. 1965ರ ಆಗಸ್ಟ್ 9ರಂದು ಮಲೇಷ್ಯಾದಿಂದ ಹೊರಬಿದ್ದ ಮೇಲಂತೂ ಒಳನಾಡಿನ ಮಾರುಕಟ್ಟೆಯೂ ಕೈತಪ್ಪಿತು. 1968ರ ಜನವರಿಯಲ್ಲಿ ಬ್ರಿಟನ್ ತನ್ನ ಸೇನಾ ನೆಲೆಗಳನ್ನು ಮುಚ್ಚುವುದಾಗಿ ಘೋಷಿಸಿತು. ಊರಿನ ವರಮಾನದ ಐದನೆಯ ಒಂದು ಭಾಗ ಆ ನೆಲೆಗಳನ್ನು ನಂಬಿತ್ತು.

ಈ ಇಕ್ಕಟ್ಟಿನಲ್ಲಿ ಮಾಡಿದ ಕೆಲಸವನ್ನು ನಾನು ಸಿಂಗಪುರದ ಆಡಳಿತದ ಅತ್ಯಂತ ಜಾಣ ಹೆಜ್ಜೆ ಎಂದು ಎಣಿಸುತ್ತೇನೆ, ಪಠ್ಯಪುಸ್ತಕಗಳು ಅದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಅಲ್ಲಿಯವರೆಗೆ ಆರ್ಥಿಕ ಅಭಿವೃದ್ಧಿ ಮಂಡಳಿಯೇ ಉದ್ಯಮಿಯನ್ನು ಕರೆತರುತ್ತಿತ್ತು, ಅದೇ ನಿವೇಶನ ಕೊಡುತ್ತಿತ್ತು, ಅದೇ ಸಾಲವನ್ನೂ ಕೊಡುತ್ತಿತ್ತು. ಹೀಗಿದ್ದಾಗ ಏನಾಗುತ್ತದೆ? ತಾನೇ ಕರೆತಂದ ಉದ್ಯಮಿ ನಷ್ಟದಲ್ಲಿದ್ದಾನೆ ಎಂದು ಮಂಡಳಿ ಬಾಯಿಬಿಟ್ಟು ಹೇಳುವುದಿಲ್ಲ. ಬಾಡಿಗೆ ಬಿಡುತ್ತದೆ, ಸಾಲದ ಗಡುವು ಮುಂದೂಡುತ್ತದೆ, ಒಂದು ಖಾತೆಯ ತೂತನ್ನು ಇನ್ನೊಂದರಿಂದ ಮುಚ್ಚುತ್ತದೆ. 1968ರಲ್ಲಿ ಇದನ್ನು ಮೂರಾಗಿ ಒಡೆದರು. ನಿವೇಶನ ಜುರಾಂಗ್ ಟೌನ್ ಕಾರ್ಪೊರೇಷನ್ನಿಗೆ, ಸಾಲ ಡೆವಲಪ್‌ಮೆಂಟ್ ಬ್ಯಾಂಕ್ ಆಫ್ ಸಿಂಗಪುರಕ್ಕೆ, ಅಂದರೆ ಡಿಬಿಎಸ್‌ಗೆ, ಹೂಡಿಕೆದಾರರನ್ನು ಹುಡುಕುವುದು ಮಾತ್ರ ಮಂಡಳಿಗೆ. ಇನ್ನು ಮೇಲೆ ಬ್ಯಾಂಕು ಸಾಲ ಕೊಡಬೇಕಾದರೆ ಬ್ಯಾಂಕಿನ ಕಣ್ಣಿಂದಲೇ ನೋಡಬೇಕು. ಅದೇ ವರ್ಷ ಸೆಂಬವಾಂಗಿನ ನೌಕಾ ಕಟ್ಟೆಯನ್ನು ಬ್ರಿಟಿಷರಿಂದ ಒಂದು ಡಾಲರಿನ ನಾಮಮಾತ್ರ ಬೆಲೆಗೆ ಪಡೆದು ಹಡಗು ರಿಪೇರಿ ಕಂಪನಿ ಮಾಡಿದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಂಥ ಅಮೆರಿಕನ್ ಎಲೆಕ್ಟ್ರಾನಿಕ್ಸ್ ಕಂಪನಿಗಳು ಬರತೊಡಗಿದ್ದೂ ಈ ಕಾಲದಲ್ಲೇ. ಬಂದವರೆಲ್ಲ ಉಳಿಯಲಿಲ್ಲ. ಜರ್ಮನಿಯ ಕ್ಯಾಮೆರಾ ಕಂಪನಿ ರೋಲೈ 1981ರಲ್ಲಿ ದಿವಾಳಿಯಾಗಿ ಸಾವಿರಾರು ಜನರ ಕೆಲಸ ಹೋಯಿತು, ಸರ್ಕಾರ ಅದನ್ನು ತಾನೇ ಕೊಂಡು ನಡೆಸುವ ಉಸಾಬರಿಗೆ ಹೋಗಲಿಲ್ಲ.

ಮೊದಲು ಹೇಳಿದ ಟೆಮಾಸೆಕ್ ಇದೇ ಆಲೋಚನೆಯ ಮುಂದುವರಿಕೆ. ಇಲಾಖೆ ನೀತಿ ಮಾಡಲಿ, ಷೇರಿನ ಲಾಭ ನಷ್ಟ ಬೇರೆ ಕಡೆ ಬರೆಯಲಿ. ಅದರ ಮೊದಲ ಅಧ್ಯಕ್ಷ ಜೆ. ವೈ. ಪಿಳ್ಳೈ, ಮಲಯದ ಕ್ಲಾಂಗಿನಲ್ಲಿ ಹುಟ್ಟಿದ, ಎಂಜಿನಿಯರಿಂಗ್ ಓದಿದ ಅಧಿಕಾರಿ. ಅವರೇ 1972ರಿಂದ 1996ರವರೆಗೆ ಸಿಂಗಪುರ್ ಏರ್‌ಲೈನ್ಸಿನ ಅಧ್ಯಕ್ಷರೂ ಹೌದು. ಪ್ರತಿಷ್ಠೆಗಾಗಿ ವಿಮಾನ ಹಾರಿಸುವುದಿಲ್ಲ, ಲಾಭ ಬರದಿದ್ದರೆ ಮುಚ್ಚುತ್ತೇವೆ ಎಂಬ ಅರ್ಥದ ಮಾತನ್ನು ಪ್ರಧಾನಿ ಲೀ ಕುವಾನ್ ಯೂ ಆರಂಭದಲ್ಲೇ ನೌಕರರಿಗೆ ಹೇಳಿದ್ದರು. ಒಳನಾಡಿನಲ್ಲಿ ಹಾರಲು ಒಂದೇ ಒಂದು ಮಾರ್ಗವಿಲ್ಲದ ದೇಶದ ವಿಮಾನ ಕಂಪನಿ ಅದು, ಬೇರೆ ದಾರಿ ಇರಲಿಲ್ಲ. ಸಿಮ್ ಕೀ ಬೂನ್ ಇನ್ನೊಬ್ಬರು. ನಾಗರಿಕ ಸೇವೆಯ ಮುಖ್ಯಸ್ಥರಾಗಿದ್ದವರನ್ನು 1984ರಲ್ಲಿ ಕೆಪೆಲ್ ಕಂಪನಿಗೆ ಕಳಿಸಿದರು, ಏಕೆಂದರೆ ಆ ಕಂಪನಿ ಹಿಂದಿನ ವರ್ಷ ಸ್ಟ್ರೇಟ್ಸ್ ಸ್ಟೀಮ್‌ಶಿಪ್ ಕೊಂಡು ಸಾಲದಲ್ಲಿ ಮುಳುಗಿತ್ತು.

ಅಧಿಕಾರಿಗಳ ಕೈಗೆ ಇಷ್ಟು ಹಣ ಕೊಟ್ಟರೆ ತಿನ್ನುವುದಿಲ್ಲವೇ ಎಂದು ನೀವು ಕೇಳುತ್ತೀರಿ. 1951ರಲ್ಲಿ ಪುಂಗೊಲ್ ಕಡಲತೀರದಲ್ಲಿ ಅಫೀಮು ದರೋಡೆ ನಡೆದಾಗ ಪೊಲೀಸ್ ಪತ್ತೇದಾರರೇ ಅದರಲ್ಲಿ ಸಿಕ್ಕಿಬಿದ್ದರು. ಆ ಅನುಭವದಿಂದ ಮರುವರ್ಷ ಭ್ರಷ್ಟಾಚಾರ ತನಿಖಾ ಸಂಸ್ಥೆ ಹುಟ್ಟಿತು, 1960ರಲ್ಲಿ ಅದಕ್ಕೆ ಹಲ್ಲಿರುವ ಕಾನೂನು ಬಂತು. 1986ರಲ್ಲಿ ವಸತಿ ಖಾತೆಯನ್ನೇ ನೋಡುತ್ತಿದ್ದ ಮಂತ್ರಿ ತೆಹ್ ಚಿಯಾಂಗ್ ವಾನ್ ವಿರುದ್ಧ ತನಿಖೆ ನಡೆಯುತ್ತಿದ್ದಾಗ ಅವರು ಆತ್ಮಹತ್ಯೆ ಮಾಡಿಕೊಂಡರು. 2024ರಲ್ಲಿ ಮಾಜಿ ಸಾರಿಗೆ ಮಂತ್ರಿ ಎಸ್. ಈಶ್ವರನ್ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಅಲ್ಲಿ ತಿನ್ನುವವರಿಲ್ಲ ಎಂದಲ್ಲ, ತಿಂದದ್ದು ಯಾವ ಖಾತೆಯಿಂದ ಎಂದು ಬೇಗ ಗೊತ್ತಾಗುತ್ತದೆ.

ಇನ್ನು ಖರ್ಚಿನ ಕಡೆ ಬರೆಯದೇ ಬಿಟ್ಟ ಬಾಬುಗಳು. 1970ರ ಸುಮಾರಿಗೆ ಆ ಊರಿನಲ್ಲಿ ಹಲವು ಚೀನೀ ಬಸ್ ಕಂಪನಿಗಳಿದ್ದವು. ಅಣ್ಣತಮ್ಮಂದಿರು, ಒಂದೇ ಸೀಮೆಯಿಂದ ಬಂದವರು ಸೇರಿ ಕಟ್ಟಿದ ಕಂಪನಿಗಳು. ಬಸ್ಸು ಕೆಡುತ್ತಿತ್ತು, ಕಂಡಕ್ಟರ್ ಹಣ ನುಂಗುತ್ತಿದ್ದ, ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ, ಎಲ್ಲ ನಿಜ. 1955ರ ಹಾಕ್ ಲೀ ಬಸ್ ಮುಷ್ಕರದಲ್ಲಿ ನೆತ್ತರೂ ಹರಿದಿತ್ತು. 1971ರಲ್ಲಿ ಇವುಗಳನ್ನು ಸೇರಿಸಿ ಮೂರು ಮಾಡಿದರು, 1973ರಲ್ಲಿ ಮೂರನ್ನೂ ಸೇರಿಸಿ ಸಿಂಗಪುರ್ ಬಸ್ ಸರ್ವಿಸ್ ಎಂಬ ಒಂದೇ ಕಂಪನಿ ಮಾಡಿದರು. ಆಗಲೂ ಸರಿಹೋಗದಿದ್ದಾಗ 1974ರಲ್ಲಿ ಅಧಿಕಾರಿಗಳ ಒಂದು ತಂಡವನ್ನೇ ಒಳಗೆ ಕೂರಿಸಿದರು. ಬಸ್ಸುಗಳು ಸುಧಾರಿಸಿದವು. ಲೈಸೆನ್ಸ್ ಇಲ್ಲದ ಟ್ಯಾಕ್ಸಿ ಓಡಿಸುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿತು. 1970ರಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟ ಕಂಫರ್ಟ್ ಎಂಬ ಸಹಕಾರಿ ಸಂಘ ಮಾಡಿ, ಕಂತು ಕಟ್ಟಿ ಟ್ಯಾಕ್ಸಿಯ ಒಡೆಯರಾಗುವ ಅವಕಾಶ ಕೊಟ್ಟಿತು. ಬಸ್ ಕಂಪನಿಯ ಹಳೆಯ ಕುಟುಂಬಗಳಿಗೆ ಅಂಥದ್ದು ದೊರೆಯಲಿಲ್ಲ. ಸುಮಾರು ನೂರಮೂವತ್ತು ವರ್ಷ ಸರ್ಕಾರಕ್ಕೆ ಬುದ್ಧಿ ಹೇಳುತ್ತಿದ್ದ ವರ್ತಕವರ್ಗ ಈಗ ಸರ್ಕಾರ ಹೇಳಿದ ಕಡೆ ಸಹಿ ಹಾಕುವ ಸ್ಥಿತಿಗೆ ಬಂದಿತ್ತು.

ನದಿಯ ಕಥೆಯೂ ಹಾಗೇ. 1977ರಲ್ಲಿ ಲೀ, ಹತ್ತು ವರ್ಷದಲ್ಲಿ ಸಿಂಗಪುರ್ ನದಿಯಲ್ಲಿ ಮೀನು ಹಿಡಿಯುವಂತಾಗಬೇಕು ಎಂದರು. ಲೀ ಎಕ್ ಟಿಯೆಂಗ್ ಎಂಬ ಎಂಜಿನಿಯರ್ ಅಧಿಕಾರಿಯ ನೇತೃತ್ವದಲ್ಲಿ ಕೆಲಸ ನಡೆಯಿತು. ದಡದ ಸಾವಿರಾರು ಕುಟುಂಬಗಳು, ಸುಮಾರು 5 ಸಾವಿರ ಬೀದಿ ವ್ಯಾಪಾರಿಗಳು, 600ಕ್ಕೂ ಹೆಚ್ಚು ಹಂದಿ ಸಾಕಣೆಗಳು ಎದ್ದವು. ದಡದಿಂದ ಹಡಗಿಗೆ ಸರಕು ಸಾಗಿಸುತ್ತಿದ್ದ ಸುಮಾರು 800 ದೋಣಿಗಳು 1983ರಲ್ಲಿ ಪಾಸಿರ್ ಪಂಜಾಂಗಿಗೆ ಹೋದವು. ತಾಂಜಾಂಗ್ ಪಗಾರಿನಲ್ಲಿ 1972ರಲ್ಲೇ ಕಂಟೇನರ್ ಬಂದರು ತೆರೆದಿತ್ತು, ದೋಣಿಯವರ ಕಸುಬು ಹೇಗೂ ಸಾಯುತ್ತಿತ್ತು ಎನ್ನಬಹುದು. 1987ರಲ್ಲಿ ನದಿ ಶುದ್ಧವಾಯಿತು, ಹತ್ತು ಅಧಿಕಾರಿಗಳಿಗೆ ಚಿನ್ನದ ಪದಕ ಸಿಕ್ಕಿತು. ಬೀದಿ ವ್ಯಾಪಾರಿಗಳನ್ನು ಸೂರಿನ ಕೆಳಗೆ ಕೂರಿಸಿದ ಹಾಕರ್ ಸೆಂಟರ್‌ಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಲ್ಲಿ ನೀರು, ಚರಂಡಿ, ಕಮ್ಮಿ ಬಾಡಿಗೆ, ನೂರಾರು ಬಗೆಯ ಊಟ. ನಮ್ಮ ನಗರಪಾಲಿಕೆಗಳು ಬೀದಿ ವ್ಯಾಪಾರಿಯ ಗಾಡಿಯನ್ನು ಲಾರಿಗೆ ಎತ್ತಿ ಹಾಕುವಾಗ ಇದನ್ನು ನೆನೆದರೆ ಒಳ್ಳೆಯದು.

ನಮ್ಮ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆ ಎಂಬ ಘೋಷಣೆಯನ್ನು ಎಸ್. ಎಂ. ಕೃಷ್ಣ ಅವರ ಕಾಲದಿಂದ ಕೇಳುತ್ತಿದ್ದೇವೆ. ಸಿಂಗಪುರ ನಿಜವಾಗಿ ಬೆಂಗಳೂರಿಗೆ ಬಂದದ್ದು ಅದಕ್ಕೂ ಮೊದಲು. 1994ರಲ್ಲಿ, ಪಿ. ವಿ. ನರಸಿಂಹ ರಾವ್ ಮತ್ತು ಗೋ ಚಾಕ್ ಟಾಂಗ್ ಪ್ರಧಾನಿಗಳಾಗಿದ್ದಾಗ, ಸಿಂಗಪುರದ ಕಂಪನಿಗಳ ಕೂಟ, ಟಾಟಾ ಸಂಸ್ಥೆ ಮತ್ತು ಕರ್ನಾಟಕ ಸರ್ಕಾರ ಸೇರಿ ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕ್ ಕಟ್ಟಲು ಹೊರಟವು. ಒಳಗೆ ತನ್ನದೇ ವಿದ್ಯುತ್ ಸ್ಥಾವರ, ಒಳ್ಳೆಯ ರಸ್ತೆ. ಗೇಟಿನಿಂದ ಆಚೆ ಕಾಲಿಟ್ಟರೆ ವೈಟ್‌ಫೀಲ್ಡ್. ಜುರಾಂಗಿನಲ್ಲಿ ನಿವೇಶನ, ಬಂದರು, ಮನೆ, ಬಸ್ಸು ಒಂದೇ ಸರ್ಕಾರದ ಬೇರೆ ಬೇರೆ ಖಾತೆಗಳಲ್ಲಿದ್ದವು, ಒಂದರ ಕೆಲಸ ಇನ್ನೊಂದಕ್ಕೆ ತಾಳೆಯಾಗಬೇಕಿತ್ತು. ನಾವು ತಂದದ್ದು ಕಟ್ಟಡವನ್ನು ಮಾತ್ರ.

ಆದರೆ ತಾಳೆ ನೋಡುವವರು ಯಾರು? ಇಲ್ಲಿ ಸಿಂಗಪುರದ ವ್ಯವಸ್ಥೆ ತನ್ನ ಬಲವಿರುವ ಕಡೆಯೇ ಎಡವುತ್ತದೆ ಎಂಬುದು ನನ್ನ ಅಭಿಪ್ರಾಯ. 1991ರಲ್ಲಿ ಸಂವಿಧಾನ ತಿದ್ದಿ, ಜನರಿಂದ ಆಯ್ಕೆಯಾದ ರಾಷ್ಟ್ರಪತಿಯ ಕೈಗೆ ದೇಶದ ಮೀಸಲು ನಿಧಿಯ ಎರಡನೆಯ ಬೀಗದಕೈ ಕೊಟ್ಟರು. ಹಿಂದಿನ ಸರ್ಕಾರಗಳು ಕೂಡಿಟ್ಟದ್ದನ್ನು ಮುಂದೆ ಬರುವ ಸರ್ಕಾರ ರಾಷ್ಟ್ರಪತಿಯ ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ. 1993ರಲ್ಲಿ ಆಯ್ಕೆಯಾದ ಆಂಗ್ ಟೆಂಗ್ ಚಿಯಾಂಗ್ ವಾಸ್ತುಶಿಲ್ಪಿ, ಹಿಂದೆ ಉಪಪ್ರಧಾನಿಯಾಗಿದ್ದವರು, ಆಳುವ ಪಕ್ಷದ ಮನುಷ್ಯನೇ. ಕಾವಲು ಕಾಯಬೇಕಾದ ಆಸ್ತಿ ಎಷ್ಟಿದೆ, ಪಟ್ಟಿ ಕೊಡಿ ಎಂದು ಅವರು ಕೇಳಿದರು. ಕಟ್ಟಡ, ಜಮೀನು ಎಲ್ಲಕ್ಕೂ ಬೆಲೆ ಕಟ್ಟಿ ಲೆಕ್ಕ ಕೊಡಬೇಕಾದರೆ ಒಬ್ಬ ಮನುಷ್ಯನ 50ಕ್ಕೂ ಹೆಚ್ಚು ವರ್ಷಗಳ ದುಡಿಮೆ ಬೇಕು ಎಂಬ ಉತ್ತರ ಬಂತು. ಎಚ್‌ಡಿಬಿಯ ಒಂದೊಂದು ಬಾಗಿಲಿನ ಬಾಡಿಗೆ ಬಾಕಿಯನ್ನೂ ಬಲ್ಲ ಸರ್ಕಾರ ತನ್ನ ಒಟ್ಟು ಆಸ್ತಿ ಗೊತ್ತಿಲ್ಲ ಎನ್ನುತ್ತಿದೆ! 1998ರಲ್ಲಿ ಪೋಸ್ಟ್ ಆಫೀಸ್ ಸೇವಿಂಗ್ಸ್ ಬ್ಯಾಂಕನ್ನು ಡಿಬಿಎಸ್ ಬ್ಯಾಂಕಿಗೆ ಮಾರುವ ಸುದ್ದಿ ತಮಗೆ ಪತ್ರಿಕೆಯಿಂದ ತಿಳಿಯಿತು ಎಂದೂ ಆಂಗ್ ಅಧಿಕಾರ ಬಿಟ್ಟ ಮೇಲೆ ಹೇಳಿಕೊಂಡರು. ಆ ಸೇವಿಂಗ್ಸ್ ಬ್ಯಾಂಕಿನ ಮೀಸಲು ಅವರ ಕಾವಲಿನಲ್ಲೇ ಇತ್ತು. ಮೀಸಲು ನಿಧಿಯ ಪೂರ್ತಿ ಮೊತ್ತವನ್ನು ಸರ್ಕಾರ ಇಂದಿಗೂ ಪ್ರಕಟಿಸುವುದಿಲ್ಲ. ಹೇಳಿದರೆ ಸಟ್ಟಾ ವ್ಯಾಪಾರಿಗಳು ನಮ್ಮ ಡಾಲರಿನ ಮೇಲೆ ಬೀಳುತ್ತಾರೆ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲ ಎನ್ನಲಾರೆ, ಆದರೆ ರಾಷ್ಟ್ರಪತಿಗೂ ಪಟ್ಟಿ ಸಿಗದಿದ್ದದ್ದಕ್ಕೆ ಆ ವಾದ ಸಾಲದು.

ಇಷ್ಟೇ ತೂಕದ ಜಗಳ 2023ರ ಫೆಬ್ರುವರಿಯಲ್ಲಿ ಪಾರ್ಲಿಮೆಂಟಿನಲ್ಲಿ ನಡೆಯಿತು. ಎಚ್‌ಡಿಬಿ ಮನೆ ಕಟ್ಟುವಾಗ ನೆಲಕ್ಕೆ ಮಾರುಕಟ್ಟೆ ಬೆಲೆಯನ್ನು ಸರ್ಕಾರಕ್ಕೆ ಕೊಡುತ್ತದೆ, ಆ ಹಣ ಮೀಸಲು ನಿಧಿಗೆ ಹೋಗುತ್ತದೆ, ಮಂಡಳಿಗೆ ಆಗುವ ಕೊರತೆಯನ್ನು ಸರ್ಕಾರ ವರ್ಷವರ್ಷ ಅನುದಾನವಾಗಿ ತುಂಬುತ್ತದೆ. ವಿರೋಧಪಕ್ಷದ ಪ್ರೋಗ್ರೆಸ್ ಸಿಂಗಪುರ್ ಪಾರ್ಟಿಯವರು, ನೆಲದ ಬೆಲೆಯನ್ನು ಮನೆಯ ಬೆಲೆಗೆ ಯಾಕೆ ಸೇರಿಸುತ್ತೀರಿ ಎಂದು ಕೇಳಿದರು. ನೆಲ ಮುಂದಿನ ತಲೆಮಾರಿನ ಆಸ್ತಿ, ಅದನ್ನು ಬಿಟ್ಟಿ ಕೊಟ್ಟರೆ ಮೀಸಲನ್ನು ಕದ್ದಂತೆ ಎಂದು ಸರ್ಕಾರ ಉತ್ತರಿಸಿತು. ಲೆಕ್ಕಶಾಸ್ತ್ರದ ಪ್ರಕಾರ ಸರ್ಕಾರದ ಮಾತು ಸರಿ. ಆದರೆ ಆ ನೆಲದ ಬಹುಭಾಗವನ್ನು ಅಗ್ಗದ ಬೆಲೆಗೆ ಪಡೆದ ದಿನ ಏರಿದ ಬೆಲೆ ಯಾರ ದುಡಿಮೆಯೂ ಅಲ್ಲ ಎಂದವರು, ಅದನ್ನೇ ಮನೆ ಕೊಳ್ಳುವವನಿಗೆ ಮಾರುವಾಗ ಏರಿದ ಬೆಲೆಯನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಾರೆ. ರಿಯಾಯಿತಿ ಕೊಡುತ್ತಾರೆ, ನಿಜ. ರಿಯಾಯಿತಿ ಎಷ್ಟು ಎಂದು ತೀರ್ಮಾನಿಸುವವರೂ ಅವರೇ.

2024ರಲ್ಲಿ ನಡೆದ ಇನ್ಕಮ್ ವಿಮಾ ಕಂಪನಿಯ ಪ್ರಕರಣವನ್ನು ವಿದ್ಯಾರ್ಥಿಗಳು ಓದಬೇಕು. ಕಾರ್ಮಿಕರಿಗೆ ಅಗ್ಗದ ವಿಮೆ ಸಿಗಲೆಂದು 1970ರಲ್ಲಿ ಸಹಕಾರಿ ಸಂಘವಾಗಿ ಹುಟ್ಟಿದ ಸಂಸ್ಥೆ 2022ರಲ್ಲಿ ಕಂಪನಿಯಾಯಿತು. ಆಗ ಸಂಘದ ಕಾಲದ ಸುಮಾರು 200 ಕೋಟಿ ಡಾಲರ್ ಹೆಚ್ಚುವರಿಯನ್ನು ಜೊತೆಗೆ ಒಯ್ಯಲು ಸರ್ಕಾರ ವಿನಾಯಿತಿ ಕೊಟ್ಟಿತು. ಎರಡು ವರ್ಷದಲ್ಲಿ ಜರ್ಮನಿಯ ಅಲಿಯಾಂಜ್ ಬಹುಪಾಲು ಷೇರು ಕೊಳ್ಳಲು ಬಂತು. ಆ ಯೋಜನೆಯೊಳಗೆ, ಕೊಂಡ ಮೇಲೆ ಸುಮಾರು 185 ಕೋಟಿ ಡಾಲರ್ ಬಂಡವಾಳವನ್ನು ಷೇರುದಾರರಿಗೆ ಹಿಂದಿರುಗಿಸುವ ಪ್ರಸ್ತಾವ ಇತ್ತು. ಒಂದು ಇಲಾಖೆ ವಿನಾಯಿತಿ ಕೊಟ್ಟಿತ್ತು, ಇನ್ನೊಂದು ಸಂಸ್ಥೆ ಮಾರಾಟದ ಅರ್ಜಿ ನೋಡುತ್ತಿತ್ತು. ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗಲೇ ಸಂಘದ ಹಣ ಎಲ್ಲಿಗೆ ಹೊರಟಿದೆ ಎಂದು ಕಂಡದ್ದು. ಅಕ್ಟೋಬರಿನಲ್ಲಿ ಕಾನೂನನ್ನೇ ತಿದ್ದಿ ಮಾರಾಟ ತಡೆದರು.

ಈಗ ಎಲ್ಲರ ಮನೆಯ ಬಾಗಿಲಿಗೆ ಬಂದಿರುವ ಪ್ರಶ್ನೆ 99 ವರ್ಷದ ಗುತ್ತಿಗೆಯದು. ಸಿಂಗಪುರದ ನಿವಾಸಿಗಳಲ್ಲಿ ಹತ್ತಿರ ಹತ್ತಿರ ನೂರಕ್ಕೆ 80 ಜನ ಎಚ್‌ಡಿಬಿ ಮನೆಗಳಲ್ಲಿದ್ದಾರೆ. ದಶಕಗಳ ಕಾಲ ಅವರಿಗೆ ಮನೆ ನಿಮ್ಮ ಆಸ್ತಿ, ಬೆಲೆ ಏರುತ್ತಲೇ ಇರುತ್ತದೆ ಎಂದು ಹೇಳಿದ್ದರು. ಹಳೆಯ ಕಟ್ಟಡಗಳನ್ನು ಸರ್ಕಾರ ಒಳ್ಳೆಯ ಬೆಲೆಗೆ ಹಿಂಪಡೆದು ಹೊಸ ಮನೆ ಕೊಡುತ್ತದೆ ಎಂಬ ನಂಬಿಕೆಯೂ ಬೆಳೆದಿತ್ತು. 2017ರಲ್ಲಿ, ಆಗ ವಸತಿ ಖಾತೆಯನ್ನು ನೋಡುತ್ತಿದ್ದ ಲಾರೆನ್ಸ್ ವಾಂಗ್, ಎಲ್ಲ ಹಳೆಯ ಮನೆಗಳಿಗೂ ಆ ಭಾಗ್ಯ ಇರುವುದಿಲ್ಲ, ಗುತ್ತಿಗೆ ಮುಗಿದ ಮನೆ ಮಂಡಳಿಗೆ ವಾಪಸು ಹೋಗುತ್ತದೆ ಎಂದು ಬರೆದರು. ಒಪ್ಪಂದದ ಪತ್ರದಲ್ಲಿ ಮೊದಲಿನಿಂದಲೂ ಇದ್ದ ಮಾತೇ ಅದು, ಆದರೂ ಹಳೆಯ ಮನೆ ಕೊಂಡವರು ಕಂಗಾಲಾದರು. ಮರುವರ್ಷ ಆಗಿನ ಪ್ರಧಾನಿ ಲೀ ಸೀನ್ ಲೂಂಗ್, ಸುಮಾರು 70 ವರ್ಷವಾದ ಮನೆಗಳನ್ನು ನಿವಾಸಿಗಳು ಮತ ಹಾಕಿ ಒಪ್ಪಿದರೆ ಸರ್ಕಾರ ಮುಂಚಿತವಾಗಿ ಕೊಳ್ಳುವ ಯೋಜನೆ ಪ್ರಕಟಿಸಿದರು. ಕೊಡುವ ಬೆಲೆ ಮೊದಲಿನಷ್ಟು ಉದಾರವಾಗಿರುವುದಿಲ್ಲ ಎಂದೂ ಸೇರಿಸಿದರು.

ಗುತ್ತಿಗೆ ಮುಗಿದರೆ ನಿಜಕ್ಕೂ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಈಗಾಗಲೇ ಇದೆ. ಗೇಲಾಂಗಿನ ಮೂರನೆಯ ಲೊರಾಂಗಿನಲ್ಲಿ, ಅಂದರೆ ಮೂರನೆಯ ಅಡ್ಡರಸ್ತೆಯಲ್ಲಿ, 191 ಸಾಲುಮನೆಗಳಿದ್ದವು. ಖಾಸಗಿ ಮನೆಗಳು, ನೆಲ ಮಾತ್ರ ಸರ್ಕಾರದ್ದು, 60 ವರ್ಷದ ಗುತ್ತಿಗೆ. 2020ರ ಡಿಸೆಂಬರ್ 31ರಂದು ಅವಧಿ ಮುಗಿಯಿತು, ಪರಿಹಾರವಿಲ್ಲದೆ ನೆಲ ಸರ್ಕಾರಕ್ಕೆ ಮರಳಿತು. ಆ ಜಾಗದಲ್ಲಿ ಸರ್ಕಾರಿ ವಸತಿ ಬರಲಿದೆ ಎಂದು ಪ್ರಕಟಣೆ ಹೇಳಿತು. 1960ರ ದಶಕದ ಮೊದಲ ಎಚ್‌ಡಿಬಿ ಗುತ್ತಿಗೆಗಳು ಮುಗಿಯುವುದು 2060ರ ದಶಕದಲ್ಲಿ. ಅಂದು ಆ ಮನೆಗಳಲ್ಲಿ ಇರಬಹುದಾದವರು ಈಗ ಶಾಲೆಗೆ ಹೋಗುತ್ತಿದ್ದಾರೆ, ಅವರ ಅಪ್ಪ ಅಮ್ಮಂದಿರು ಭವಿಷ್ಯ ನಿಧಿಯಿಂದ ಇನ್ನೂ ಕಂತು ಕಟ್ಟುತ್ತಿದ್ದಾರೆ.